ರಂಗಮ್ಮಾಳ ಓಕರಿಕೆ

ವಳ್ಳಿಗೆ ಆಗ ಒಂದೂವರೆ ವರ್ಷ. ಅಮ್ಮ ಊಡಿಸಿದ ಸಜ್ಜೆ ಅಂಬಲಿಯ ಮೂರನೆಯ ತುತ್ತನ್ನು ಅವಳು ನಾಲಿಗೆಯಿಂದ ಹೊರಗೆ ತಳ್ಳಿದಳು, ಎಲ್ಲ ಮಕ್ಕಳೂ ತಳ್ಳುವ ಹಾಗೆ. ಅದು ಗಲ್ಲದ ಮೇಲಿಂದ ಇಳಿದು ರಂಗಮ್ಮಾಳ ಬೆರಳಿಗೆ ಅಂಟಿತು. ಬೆಚ್ಚಗಿತ್ತು, ಲೋಳೆಯಾಗಿತ್ತು. ರಂಗಮ್ಮಾಳ ಹೊಟ್ಟೆ ಬುಡದಿಂದ ಕಿವುಚಿಕೊಂಡು ಬಂತು. ಮಗುವನ್ನು ಅಲ್ಲೇ ಬಿಟ್ಟು ಹಿತ್ತಲಿಗೆ ಓಡಿದವಳು ಬೇಲಿಯ ಬುಡದಲ್ಲಿ ಕಕ್ಕಿದಳು. ಕಕ್ಕಲು ಏನೂ ಉಳಿಯದಾದ ಮೇಲೂ ಕಕ್ಕುತ್ತಲೇ ಇದ್ದಳು. ಅತ್ತೆ ಪೊನ್ನಮ್ಮಾಳ್ ಬಂದು ನೋಡಿದಾಗ ಸೊಸೆ ಬೆರಳುಗಳನ್ನು ಮಣ್ಣಿಗೆ ಉಜ್ಜುತ್ತಿದ್ದಳು, ಚರ್ಮ ಕಿತ್ತುಬರುವ ಹಾಗೆ.

"ಏನ್ ರಂಗೀ, ಮತ್ತೆ ಬಸ್ರಾ?"

"ಇಲ್ಲ ಅತ್ತೆ."

ಅಂದಿನಿಂದ ಮಗುವಿಗೆ ಉಣಿಸಲು ಕೂತಾಗಲೆಲ್ಲ ಇದೇ ಆಯಿತು. ವಳ್ಳಿ ಮುಖ ತಿರುಗಿಸಿದರೆ ಸಾಕು, ಅವಳಿಗೆ ಕಣ್ಣು ಕತ್ತಲಿಡುತ್ತಿತ್ತು. ಇನ್ನೊಂದು ಸಂಗತಿಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ, ಓಕರಿಕೆ ಬರುವುದಕ್ಕೆ ಮೊದಲೇ, ಅವಳ ಎಡಗೈ ತಾನಾಗಿ ಎದ್ದು ಮಗುವಿನ ದವಡೆಯನ್ನು ಹಿಡಿದಿತ್ತು. ಹೆಬ್ಬೆರಳು ಒಂದು ಕೆನ್ನೆಗೆ, ಉಳಿದ ಬೆರಳುಗಳು ಇನ್ನೊಂದು ಕೆನ್ನೆಗೆ. ಆ ಹಿಡಿತ ಎಲ್ಲಿಂದ ಬಂತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತನ್ನ ಕೈಯನ್ನು ನೋಡಿಯೇ ಅವಳಿಗೆ ಹೇಸಿಗೆಯಾಯಿತು.

ಅವಳು ಹುಟ್ಟಿದ್ದು ಚಿನ್ನಮನೂರಿನ ಹತ್ತಿರದ ಮಾರ್ಕಯನ್‌ಕೋಟ್ಟೈಯಲ್ಲಿ, ಮನೆಯೊಳಗೆ ಕನ್ನಡ, ಹೊಸ್ತಿಲಾಚೆ ತಮಿಳು ಆಡುವ ಒಕ್ಕಲು ಮನೆಯಲ್ಲಿ. ಧಾತು ವರ್ಷದ ಬರದಲ್ಲಿ, ಅವಳಿಗೆ ಏಳು ವರ್ಷವಿದ್ದಾಗ, ಅಪ್ಪ ಅಮ್ಮ ಇಬ್ಬರೂ ಒಂದೇ ವಾರದಲ್ಲಿ ವಾಂತಿಭೇದಿಗೆ ಹೋದರು. ಅಪ್ಪನ ಅಣ್ಣ ಮೂಕಯ್ಯ ಬಂದು ಅವಳನ್ನು ಹೆಗಲ ಮೇಲೆ ಹೊತ್ತು ತನ್ನ ಮನೆಗೆ ಕರೆದೊಯ್ದ. ಅವನ ಹಗೇವಿನಲ್ಲಿ, ನೆಲದೊಳಗಿನ ಕಣಜದಲ್ಲಿ, ಸಜ್ಜೆ ಇತ್ತು. ಊರಿನ ಜನ ಬೇರು, ಸೊಪ್ಪು ಬೇಯಿಸಿಕೊಂಡು ತಿನ್ನುತ್ತಿದ್ದಾಗ ತಮ್ಮನ ಮಗಳಿಗೆ ಅವನು ಕೂಳು ಹಾಕಿದ. ಇದು ನಿಜ. ಇದನ್ನು ಕಂಬಂ ಕಣಿವೆಯ ನೆಂಟರೆಲ್ಲ ಇಪ್ಪತ್ತು ವರ್ಷ ಬಾಯಿ ತುಂಬ ಹೇಳುತ್ತ ಬಂದರು.

ಹೇಳದೆ ಬಿಟ್ಟದ್ದು ಬೇರೆಯಿತ್ತು. ದಿನಗಟ್ಟಲೆ ಒಣಗಿದ್ದ ಹೊಟ್ಟೆಗೆ ಮೊದಲ ದಿನ ಬಿದ್ದ ಅಂಬಲಿ ನಿಲ್ಲಲಿಲ್ಲ. ಹುಡುಗಿ ಅಂಗಳದಲ್ಲಿ ಕಕ್ಕಿದಳು. ಮೂಕಯ್ಯ ಒಂದು ತೆಂಗಿನ ಕರಟ ತಂದು ನೆಲದ ಮೇಲಿನದನ್ನು ಕೆರೆದು ತುಂಬಿಕೊಂಡ.

"ಒಂದು ಕಾಳಿಲ್ದೆ ಊರೇ ಸಾಯ್ತೈತೆ. ನೀ ಕಕ್ತೀಯಾ? ನುಂಗು."

ದವಡೆ ಹಿಡಿದು, ಬೆರಳಿನಿಂದ ಒಳಗೆ ತುರುಕಿದ. ಹೊಗೆಸೊಪ್ಪು, ಹರಳೆಣ್ಣೆ ವಾಸನೆಯ ಬೆರಳುಗಳು. ಅದು ಮತ್ತೆ ಹೊರಗೆ ಬಂತು. ಮತ್ತೆ ತುರುಕಿದ.

ಬರ ಮುಗಿಯಿತು, ಮಳೆ ಬಂತು, ಹಗೇವು ತುಂಬಿತು. ಅವನ ಚಾಳಿ ಮಾತ್ರ ನಿಲ್ಲಲಿಲ್ಲ. ಅವಳು ತಟ್ಟೆಯಲ್ಲಿ ಒಂದಗುಳು ಬಿಟ್ಟರೆ, ನೀರು ಕುಡಿದು ತೇಗಿದರೆ, ಕಣ್ಣಲ್ಲಿ ನೀರು ತಂದರೆ ಕರಟ ಬರುತ್ತಿತ್ತು. ಆಮೇಲಾಮೇಲೆ ಅವನಿಗದು ಆಟವೇ ಆಯಿತು. ಜಗುಲಿಯಲ್ಲಿ ಕೂತ ನಾಲ್ಕು ಗಂಡಸರನ್ನು ಕರೆದು ತೋರಿಸುತ್ತಿದ್ದ. "ನೋಡ್ರಪ್ಪ, ಎಂಗೆ ನುಂಗ್ತಾಳೆ." ಅವರು ನಗುತ್ತಿದ್ದರು. ದೊಡ್ಡಮ್ಮ ಬಾಗಿಲಲ್ಲಿ ನಿಂತು ಸೀರೆಯ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು, ಒಣಗಿದ ಕೈಯನ್ನೇ ಒರೆಸಿಕೊಳ್ಳುತ್ತಿದ್ದಳು. ಹದಿನೈದಕ್ಕೆ ಕಂಬಂನ ವೇಲುಸಾಮಿಗೆ ಮದುವೆ ಮಾಡಿ ಕೊಡುವವರೆಗೂ ರಂಗಮ್ಮಾಳ್ ಆ ಮನೆಯಲ್ಲಿ ಉಂಡಳು.

ಗಂಡನ ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಒಬ್ಬಳೇ ಮೂಲೆಯಲ್ಲಿ ಕೂತು, ತಾನೇ ಬಡಿಸಿಕೊಂಡು, ಗೋಡೆ ನೋಡುತ್ತ ಉಣ್ಣುತ್ತಿದ್ದಳು. ಮರ್ಯಾದಸ್ತ ಸೊಸೆ ಎಂದು ಎಲ್ಲರೂ ಮೆಚ್ಚಿದರು. ಎಂಟು ವರ್ಷ ಅದು ಹಾಗೇ ನಡೆದುಹೋಯಿತು. ಮಗು ಉಣ್ಣಲು ಕಲಿಯುವ ಹೊತ್ತಿಗೆ ಎಲ್ಲ ಬಯಲಾಯಿತು.

ಪೊನ್ನಮ್ಮಾಳ್ ಒಂದು ತಿಂಗಳು ನೋಡಿದಳು. ಸೊಸೆ ಕಡ್ಡಿಯಾಗುತ್ತಿದ್ದಳು, ಮೊಮ್ಮಗಳಿಗೆ ತಾನೇ ಉಣಿಸಬೇಕಾಗಿತ್ತು. "ಪಂಜದಾಗ ಸತ್ತೋರ ಪೇಯಿ ಸೋಕೈತೆ", ಬರದಲ್ಲಿ ಸತ್ತವರ ದೆವ್ವ ಹಿಡಿದಿದೆ ಎಂದು ತೀರ್ಮಾನಿಸಿ ಉತ್ತಮಪಾಳ್ಯಂ ಕಡೆಯಿಂದ ಉಡುಕೆಯ ಪೂಜಾರಿಯನ್ನು ಕರೆಸಿದಳು. ಉಡುಕೆಯೆಂದರೆ ಡಮರುವಿನಂಥ ಪುಟ್ಟ ವಾದ್ಯ. ಅದನ್ನು ಬಡಿದು ಅವನು ದೆವ್ವ ಬಿಡಿಸುತ್ತಿದ್ದ.

ಶುಕ್ರವಾರ ಮಧ್ಯಾಹ್ನ ಅಂಗಳದ ತುಂಬ ಜನ. ರಂಗಮ್ಮಾಳ ಜಡೆ ಬಿಚ್ಚಿಸಿ ನಡುವೆ ಕೂರಿಸಿದರು. ಪೂಜಾರಿಯ ಮೈಯಿಂದ ಹಳೆಯ ಕಳ್ಳಿನ ಹುಳಿ ವಾಸನೆ ಬರುತ್ತಿತ್ತು, ಅವನ ಹಲ್ಲಿನ ಸಂದುಗಳಲ್ಲಿ ಕೆಂಪು ಗಸಿ ಕಟ್ಟಿತ್ತು. ಬೇವಿನ ಬರಲಿನಿಂದ ಅವಳ ಹೆಗಲಿಗೆ ಹೊಡೆಯುತ್ತ ತಮಿಳಿನಲ್ಲಿ ಕೂಗಿದ: "ಯಾರ್ ನೀ? ಸೊಲ್ಲು!"

ತಾನು ಯಾರೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತಲ್ಲ ಎಂದುಕೊಂಡಳು ರಂಗಮ್ಮಾಳ್. ಅವನು ಚೊಂಬಿನ ನೀರನ್ನು ಬಾಯಿ ತುಂಬ ಹೀರಿ ಮುಕ್ಕಳಿಸಿ ಅವಳ ಮುಖದ ಮೇಲೆ ಫೂ ಎಂದು ಉಗಿದ. ತಂಬುಲದ ಎಂಜಲು ಅವಳ ತುಟಿಗೆ ಹತ್ತಿತು. ಅವಳು ಓಕರಿಸಿದಳು, ಜನ ಸಂತೋಷದಿಂದ "ಬಿಡ್ತೈತೆ, ಬಿಡ್ತೈತೆ" ಎಂದು ಗದ್ದಲ ಮಾಡಿದರು. ನಗುವ ಆ ಮುಖಗಳಿಗೂ ಜಗುಲಿಯ ಆ ಮುಖಗಳಿಗೂ ಏನೂ ವ್ಯತ್ಯಾಸ ಕಾಣಲಿಲ್ಲ. ಕೊನೆಗೆ ಪೂಜಾರಿ ಬೂದಿ ಕಲಸಿದ ಅನ್ನದ ಉಂಡೆ ಮಾಡಿ, ಅವಳ ದವಡೆ ಹಿಡಿದು, ಬಾಯಿಗೆ ತುರುಕಲು ಬೆರಳು ಹಾಕಿದ.

ರಂಗಮ್ಮಾಳ್ ಕಚ್ಚಿದಳು. ಮೂಳೆ ಸಿಗುವವರೆಗೆ ಕಚ್ಚಿದಳು. ಪೂಜಾರಿಯ ರಕ್ತ ಅವಳ ಬಾಯೊಳಗೆ ಉಪ್ಪುಪ್ಪಾಗಿ ಇಳಿಯಿತು. ಇದು ಬಹಳ ಕೆಟ್ಟ ಪೇಯಿ, ತನ್ನ ಕೈಲಿ ಆಗುವುದಿಲ್ಲ ಎಂದು ಹೇಳಿ ಅವನು ಕೈಗೆ ಬಟ್ಟೆ ಸುತ್ತಿಕೊಂಡು ಹೊರಟುಹೋದ.

ಪೇಯಿ ಅಲ್ಲದಿದ್ದರೆ ಮದ್ದು ಎಂದರು ನೆರೆಯವರು. ಯಾರೋ ಊಟದಲ್ಲಿ ಮದ್ದು ಹಾಕಿದ್ದಾರೆ, ಅದು ಹೊಟ್ಟೆಯಲ್ಲಿ ಗಂಟು ಕಟ್ಟಿದೆ, ದಿಂಡಿಗಲ್‌ನಲ್ಲಿ ಅದನ್ನು ಹೀರಿ ತೆಗೆಯುವವನೊಬ್ಬನಿದ್ದಾನೆ. ಘಟ್ಟದ ಮೇಲೆ ಪೆರಿಯಾರ್ ಹೊಳೆಗೆ ಕಟ್ಟುತ್ತಿದ್ದ ಅಣೆಕಟ್ಟಿನ ಕೆಲಸ ಮಳೆಗೆ ನಿಂತಿದ್ದ ದಿನಗಳವು. ವೇಲುಸಾಮಿ ಘಟ್ಟದ ಬುಡಕ್ಕೆ ಸುಣ್ಣ ಹೇರುತ್ತಿದ್ದ ಗಾಡಿಯನ್ನು ತೊಳೆದು, ಹುಲ್ಲು ಹಾಸಿ, ಹೆಂಡತಿಯನ್ನು ಕೂರಿಸಿಕೊಂಡು ಹೊರಟ. ಮಗು ಅಜ್ಜಿಯ ಹತ್ತಿರ ಉಳಿಯಿತು. ತೇನಿ, ಪೆರಿಯಕುಳಂ, ವತ್ತಲಗುಂಡು ದಾಟಿ ನಾಲ್ಕನೆಯ ದಿನ ದಿಂಡಿಗಲ್ ಸೇರಿದರು.

ಮದ್ದು ತೆಗೆಯುವವನ ಮನೆ ಚರ್ಮ ಹದಮಾಡುವ ಕೇರಿಯ ಪಕ್ಕದಲ್ಲಿತ್ತು. ಸುಣ್ಣದ ತೊಟ್ಟಿಗಳಲ್ಲಿ ನೆನೆಹಾಕಿದ ತೊಗಲು, ಕೆರೆದು ರಾಶಿ ಹಾಕಿದ ಕೂದಲು, ತಂಗಡಿ ತೊಗಟೆ ಕೊಳೆಸಿದ ಕಂದು ನೀರು; ವಾಸನೆ ಗಂಟಲಿನ ಗೋಡೆಗೇ ಮೆತ್ತಿಕೊಳ್ಳುತ್ತಿತ್ತು. ವಿಚಿತ್ರವೆಂದರೆ, ಮೂಗು ಮುಚ್ಚಿಕೊಂಡವನು ವೇಲುಸಾಮಿ. ರಂಗಮ್ಮಾಳಿಗೆ ಏನೂ ಆಗಲಿಲ್ಲ. ಅವಳ ಹೊಟ್ಟೆ ತೊಳಸಿದ್ದು ಒಳಗೆ ಹೋದ ಮೇಲೆ. ಜನ ಸಾಲಾಗಿ ಕೂತಿದ್ದರು. ಅವನು ಒಬ್ಬೊಬ್ಬರ ಹೊಟ್ಟೆಯ ಮೇಲೂ ಹಿತ್ತಾಳೆಯ ಕೊಳವೆ ಇಟ್ಟು ಹೀರಿ, ಎಲೆಯ ಮೇಲೆ ಉಗುಳುತ್ತಿದ್ದ. ಎಂಜಲಿನ ನಡುವೆ ಕಪ್ಪು ಕೂದಲಿನ ಒಂದು ಗಂಟು. ರಂಗಮ್ಮಾಳ್ ನಾಲ್ಕು ಜನರದನ್ನು ನೋಡಿದಳು. ನಾಲ್ವರ ಹೊಟ್ಟೆಯಲ್ಲೂ ಒಂದೇ ಅಳತೆಯ ಗಂಟು. ಪ್ರತಿ ಸಲ ಉಗುಳುವ ಮೊದಲು ಅವನ ಎಡಗೆನ್ನೆ ಉಬ್ಬಿರುತ್ತಿತ್ತು, ಉಗುಳಿದ ಮೇಲೆ ಇಳಿದಿರುತ್ತಿತ್ತು. ಆಚೆ ಗುಡ್ಡೆ ಹಾಕಿದ್ದ ಮೇಕೆಯ ಕೂದಲು ನೆನಪಾಯಿತು. ಅದನ್ನು ಬಾಯಲ್ಲಿಟ್ಟುಕೊಂಡು ಬದುಕುವ ಗಂಡಸನ್ನು ನೋಡಿ ಅವಳಿಗೆ ಸಿಟ್ಟೂ ಬರಲಿಲ್ಲ, ಬರೀ ಅಸಹ್ಯವಾಯಿತು.

ಅವಳ ಸರದಿ ಮುಗಿದ ಮೇಲೆ ಅವನು ವೇಲುಸಾಮಿಯನ್ನು ಪಕ್ಕಕ್ಕೆ ಕರೆದು ಮನೆಯಲ್ಲಿ ಯಾರು ಯಾರಿದ್ದಾರೆಂದು ಕೇಳಿದ. ಕೇಳಿಕೊಂಡು, ಮದ್ದು ಹಾಕಿದವಳು ಮನೆಯ ಹಿರಿಯ ಹೆಂಗಸು ಎಂದ.

ವೇಲುಸಾಮಿ ಎದ್ದುಬಿಟ್ಟ. "ನಮ್ಮವ್ವ ಬೈತಾಳೆ, ಹೊಡೀತಾಳೆ, ಮದ್ದು ಹಾಕಲ್ಲ. ಏಳು ರಂಗೀ."

ಮರಳುವ ದಾರಿಯಲ್ಲಿ ಅವನು ಕೇಳಿದ: "ಬೇರೆ ಯಾರಾದ್ರೂ ನಿನಗೆ ಏನಾದ್ರೂ ತಿನ್ಸವ್ರಾ?"

"ದೊಡ್ಡಪ್ಪ..." ಎಂದಳು.

"ಅವರನ್ನ ಯಾಕೆ ಎಳೀತೀಯ? ಪಂಜದಾಗ ಸಾಕಿದ ದೇವರು ಅವರು." ವೇಲುಸಾಮಿ ಎತ್ತುಗಳಿಗೆ ಛಡಿ ಎತ್ತಿದ. ಅವಳು ಬಾಯಿಗೆ ಬಂದದ್ದನ್ನು ನುಂಗಿದಳು. ಅದೊಂದನ್ನು ಅವಳಿಗೆ ಚೆನ್ನಾಗಿ ಕಲಿಸಿದ್ದರು.

ಮಳೆ ಕಳೆದು ಸುಣ್ಣದ ಗಾಡಿಗಳು ಮತ್ತೆ ಹೊರಟಾಗ, ಬಲಗಡೆಯ ಎತ್ತಿನ ಹೆಗಲು ನೊಗಕ್ಕೆ ಉಜ್ಜಿ ಹುಣ್ಣಾಯಿತು. ನೊಣ ಕೂತು ಹುಳ ಬಿತ್ತು. ಕಂಬಂನ ಪಡುವಣ ಅಂಚಿನಲ್ಲಿ, ಬೆಟ್ಟದ ದನಗಳ ದೊಡ್ಡಿಗಳ ಹತ್ತಿರ, ಅಳಗಮ್ಮಾಳ್ ಎಂಬ ವಿಧವೆಯಿದ್ದಳು. ಗಂಡ ದನದ ವೈದ್ಯನಾಗಿದ್ದ. ಅವನು ಸತ್ತ ಮೇಲೆ ಅವಳೇ ಆ ಕೆಲಸ ಮಾಡುತ್ತಿದ್ದಳು. ವೇಲುಸಾಮಿ ಅವಳನ್ನು ಕರೆತಂದ. ಮೈಯೆಲ್ಲ ಬೇವಿನೆಣ್ಣೆ, ಸಗಣಿ ವಾಸನೆಯ, ಒಂದು ಕಣ್ಣು ಸ್ವಲ್ಪ ಮಂಜಾದ, ಬಿರುಸು ಮಾತಿನ ಮುದುಕಿ. ಕೀವು, ಹುಳ ಕಂಡು ಮನೆಯವರೆಲ್ಲ ದೂರ ಸರಿದರು. ರಂಗಮ್ಮಾಳ್ ಎತ್ತಿನ ಮೂಗುದಾರ ಹಿಡಿದು ನಿಂತಳು. ಅಳಗಮ್ಮಾಳ್ ಸೀತಾಫಲದ ಎಲೆ ಅರೆದು ಗಾಯದೊಳಗೆ ಹಿಂಡಿ, ಮೇಲೆದ್ದು ಬಂದ ಬಿಳಿಯ ಹುಳಗಳನ್ನು ಕಡ್ಡಿಯಿಂದ ಒಂದೊಂದಾಗಿ ತೆಗೆದಳು.

"ನಿನಗಲ್ವಾ ಕೂಳು ನೋಡಿದ್ರೆ ಓಕರಿಕೆ ಬರೋದು?" ತಲೆಯೆತ್ತದೆ ಕೇಳಿದಳು.

"ಹೂಂ."

"ಹುಳ ನೋಡಿದ್ರೆ ಬರ್ಲಿಲ್ಲ."

"ಇಲ್ಲ."

"ಯಾವಾಗಿಂದ ಹಿಂಗೆ?"

ಪೂಜಾರಿ ಕೇಳಿರಲಿಲ್ಲ. ಕೊಳವೆಯವನು ಕೇಳಿರಲಿಲ್ಲ. "ಏಳು ವಯಸ್ಸಿಂದ" ಎಂದಳು ರಂಗಮ್ಮಾಳ್. ಅವಳ ಧ್ವನಿ ಅವಳಿಗೇ ಬೇರೆಯವರದಾಗಿ ಕೇಳಿಸಿತು.

"ಆಗ ಯಾರು ಕೂಳು ಹಾಕ್ತಿದ್ರು?"

ರಂಗಮ್ಮಾಳ್ ಮೂಗುದಾರವನ್ನು ಬೆರಳಿಗೆ ಸುತ್ತತೊಡಗಿದಳು. ಮುದುಕಿ ನೋಡಿದಳು, ಮತ್ತೆ ಕೇಳಲಿಲ್ಲ. "ಇವತ್ತು ಬ್ಯಾಡ. ಎತ್ತು ಹಿಡ್ಕೊಂಡು ನಾಳಿದ್ದು ಬಾ. ಮೂರು ದಿನಕ್ಕೊಂದು ಸಲ ಔಷಧಿ ಹಾಕ್ಬೇಕು."

ಮೂರು ದಿನಕ್ಕೊಮ್ಮೆ ರಂಗಮ್ಮಾಳ್ ಎತ್ತನ್ನು ನಡೆಸಿಕೊಂಡು ಹೋದಳು. ಅಳಗಮ್ಮಾಳ್ ಗಾಯ ತೊಳೆಯುವಳು, ತನ್ನ ಕೆಲಸದ ಮೇಲೇ ಕಣ್ಣಿಟ್ಟಿರುವಳು. ಮುಖಕ್ಕೆ ಮುಖ ಕೊಟ್ಟು ಕೂರದೆ ಹೋದದ್ದೇ ಒಳ್ಳೆಯದಾಯಿತು. ಎತ್ತಿನ ಬೆನ್ನು ನೋಡುತ್ತ ರಂಗಮ್ಮಾಳ್ ಸ್ವಲ್ಪ ಸ್ವಲ್ಪವೇ ಹೇಳಿದಳು. ಮೊದಲ ಸಲ ಹಗೇವಿನವರೆಗೆ. ಎರಡನೆಯ ಸಲ ಕರಟದವರೆಗೆ ಬಂದು ನಿಂತುಬಿಟ್ಟಳು, ಕಟ್ಟೆಯ ಹಿಂದೆ ಹೋಗಿ ಕಕ್ಕಿ ಬಂದಳು. ಅಳಗಮ್ಮಾಳ್ ಹತ್ತಿರ ಬರಲಿಲ್ಲ, ಬೆನ್ನು ಸವರಲಿಲ್ಲ. ಬಾಯಿ ತೊಳೆಯಲು ಒಂದು ಚೊಂಬು ನೀರು ತಂದು ಮೂರು ಮಾರು ದೂರದಲ್ಲಿ ಇಟ್ಟಳು. ನಾಲ್ಕನೆಯ ಸಲ ರಂಗಮ್ಮಾಳ್ ಎಲ್ಲವನ್ನೂ ಹೇಳಿದಳು. ಜಗುಲಿಯ ಗಂಡಸರ ನಗು, ದೊಡ್ಡಮ್ಮನ ಸೆರಗು, ವಳ್ಳಿಯ ದವಡೆ ಹಿಡಿದ ತನ್ನ ಕೈ. ಹೇಳಿ ಮುಗಿಸಿ ಕಾದಳು. ಈಗ ಈ ಮುದುಕಿಯೂ ಸಾಕಿದ ಋಣ ಎನ್ನುತ್ತಾಳೆ ಎಂದು ಕಾದಳು.

"ಥೂ!" ಎಂದಳು ಅಳಗಮ್ಮಾಳ್. ನಿಜವಾಗಿಯೇ ನೆಲಕ್ಕೆ ಉಗಿದಳು. "ಅವನೂ ಒಬ್ಬ ಮನ್ಸನಾ! ನಾಯಿ ಕೂಡ ತನ್ನ ಮರಿಗೆ ಹಂಗೆ ಮಾಡಲ್ಲ."

ರಂಗಮ್ಮಾಳ್ ದಂಗಾಗಿ ನೋಡಿದಳು. ಇಷ್ಟು ವರ್ಷ ಆ ಹೇಸಿಗೆಯೆಲ್ಲ ತನ್ನದೇ ಎಂದುಕೊಂಡಿದ್ದಳು. ತನ್ನ ಬಾಯಿ, ತನ್ನ ಹೊಟ್ಟೆ, ತನ್ನ ಮೈಯೇ ಹೊಲಸು ಎಂದುಕೊಂಡಿದ್ದಳು. ಮೂಕಯ್ಯನ ಹೆಸರಿಗೆ ಒಬ್ಬರು ಉಗಿದದ್ದನ್ನು ಅವಳು ನೋಡಿದ್ದು ಅದೇ ಮೊದಲು.

"ಆದ್ರೆ ಅವರಿಲ್ದಿದ್ರೆ ನಾ ಸತ್ತೋಗ್ತಿದ್ದೆ" ಎಂದಳು.

"ಸತ್ತೋಗ್ತಿದ್ದೆ. ಅದೂ ನಿಜ, ಇದೂ ನಿಜ. ಅದಕ್ಕೆ ಇದು ಸರಿ ಆಗಲ್ಲ. ನಿನಗೆ ಪೇಯೂ ಹಿಡಿದಿಲ್ಲ, ಮದ್ದೂ ಹಾಕಿಲ್ಲ. ಒಬ್ಬ ಗಂಡಸು ಒಂದು ಹೆಣ್ಣುಕೂಸಿನ ಬಾಯಿಗೆ ಹೊಲಸು ತುರುಕ್ದ. ಹೊಟ್ಟೆ ಮರೀಲಿಲ್ಲ, ಅಷ್ಟೇ."

"ಇದಕ್ಕೆ ಮದ್ದು?"

"ನಾ ದನಕ್ಕೆ ಮದ್ದು ಹಾಕೋಳು, ನಿನಗೆ ಹಾಕೋಕೆ ನನ್ನತ್ರ ಏನೂ ಇಲ್ಲ. ಒಂದು ಮಾಡು. ಕೂಸಿಗೆ ನೀ ಊಡಿಸ್ಬ್ಯಾಡ. ಬಟ್ಟಲು ಮುಂದಿಟ್ಟು ದೂರ ಕೂರು. ತಾನೇ ತಿನ್ಲಿ, ಚೆಲ್ಲಲಿ. ಮಿಕ್ಕಿದ್ದನ್ನ ಕೋಳಿಗೆ ಹಾಕು. ನೀ ಬಿಟ್ಟದ್ದನ್ನೂ ಹಾಕು."

ಕೇಳಲು ಸುಲಭವಾಗಿತ್ತು. ಮರುದಿನ ರಂಗಮ್ಮಾಳ್ ತಟ್ಟೆಯಲ್ಲಿ ಒಂದು ಹಿಡಿ ಕೂಳು ಬಿಟ್ಟು ಎದ್ದು, ಮತ್ತೆ ಕೂತು, ಮತ್ತೆ ಎದ್ದಳು. ಹಿತ್ತಲಿಗೆ ಹೋಗಿ ಅದನ್ನು ಎರಚಿ, ಯಾರೋ ಹಿಂದೆ ಬಂದರೆಂಬಂತೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಕೋಳಿಗಳು ಕುಕ್ಕಿ ತಿಂದವು.

ಹಿಂದೆ ಬಂದವಳು ಪೊನ್ನಮ್ಮಾಳ್, ಮೂರನೆಯ ದಿನ. "ಕೂಳು ಚೆಲ್ತೀಯಾ? ಪಂಜ ನೋಡಿದೋಳು ನೀನು! ಕೈ ಹೆಂಗೆ ಬಂತು?"

ರಂಗಮ್ಮಾಳ್ ಅಲ್ಲೇ, ಬೇಲಿಯ ಹತ್ತಿರ ನಿಂತು ಹೇಳಿದಳು. ಎರಡನೆಯ ಸಲ ಹೇಳುವಾಗ ಅದು ಮೊದಲಿನಷ್ಟು ಉದ್ದವಿರಲಿಲ್ಲ. ಅತ್ತೆ ಕೇಳಿಸಿಕೊಂಡು ಖಾಲಿ ತಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡಳು. "ದೊಡ್ಡೋರ ಮೇಲೆ ಹಿಂಗೆಲ್ಲ ಹೇಳ್ಬಾರ್ದು" ಎಂದು ಒಳಗೆ ಹೋದಳು. ಆದರೆ ಕೋಳಿಯ ವಿಷಯ ಮತ್ತೆ ಎತ್ತಲಿಲ್ಲ.

ಎತ್ತಿನ ಹೆಗಲು ಒಣಗಿ ಕೂದಲು ಬಂದ ಮೇಲೂ ರಂಗಮ್ಮಾಳ್ ಅಳಗಮ್ಮಾಳ ಹತ್ತಿರ ಹೋಗುತ್ತಲೇ ಇದ್ದಳು. ಕೆಲವು ದಿನ ಇಬ್ಬರೂ ಕೂತು ಬೇವಿನ ಬೀಜವಷ್ಟೇ ಸುಲಿಯುತ್ತಿದ್ದರು. ಕೆಲವು ದಿನ ಹಳೆಯದೆಲ್ಲ ಹೊಸದಾಗಿ ಉಕ್ಕಿ, ಅವಳು ಬೈಯುತ್ತ ಅಳುತ್ತಿದ್ದಳು. ಅಳಗಮ್ಮಾಳಿಗೂ ತಾಳ್ಮೆ ತಪ್ಪುತ್ತಿತ್ತು. "ಇವತ್ತು ನನಗೆ ತಲೆನೋವು, ಹೋಗು" ಎಂದು ಕಳಿಸಿದ್ದೂ ಉಂಟು. ತಿಂಗಳುಗಳು ಕಳೆದವು. ವಳ್ಳಿ ಮೈಕೈಯೆಲ್ಲ ಮೆತ್ತಿಕೊಂಡು ತಾನೇ ಉಣ್ಣಲು ಕಲಿತಳು. ಬಾಗಿಲಾಚೆ ಕೂರುತ್ತಿದ್ದ ರಂಗಮ್ಮಾಳ್ ಹೊಸ್ತಿಲಿಗೆ, ಹೊಸ್ತಿಲಿಂದ ಒಳಕ್ಕೆ ಬಂದಳು. ಮರುವರ್ಷದ ತೈ ತಿಂಗಳಲ್ಲಿ, ಸಂಕ್ರಾಂತಿಯ ಸುಮಾರಿಗೆ, ಒಂದು ದಿನ ಮಗಳ ಗಲ್ಲದ ಮೇಲಿನ ಅಂಬಲಿಯನ್ನು ತನ್ನ ಸೆರಗಿನಿಂದ ಒರೆಸಿದಳು. ಹೊಟ್ಟೆ ತೊಳಸಿತು, ಕಕ್ಕಲಿಲ್ಲ.

ಪೆರಿಯಾರ್ ನೀರು ಸುರಂಗದಿಂದ ಕಣಿವೆಗೆ ಇಳಿದ ಮಾರನೆಯ ವರ್ಷ ಮೂಕಯ್ಯ ಸತ್ತ. ಬೆಳಿಗ್ಗೆಯೇ ಸುದ್ದಿ ಬಂತು. ಗಾಡಿ ಕಟ್ಟಿಕೊಂಡು ಎಲ್ಲರೂ ಮಾರ್ಕಯನ್‌ಕೋಟ್ಟೈಗೆ ಹೋದರು. ಅಂಗಳದ ತುಂಬ ಜನ, ಪಂಜದ ಕತೆ, ಹಗೇವಿನ ಕತೆ. ಹೆಣಕ್ಕೆ ಸ್ನಾನ ಮಾಡಿಸಿ ಚಪ್ಪರದಡಿ ಮಲಗಿಸಿದ್ದರು. ಚಟ್ಟ ಏಳುವ ಮೊದಲು ಹತ್ತಿರದ ಹೆಂಗಸರು ಸತ್ತವರ ಬಾಯಿಗೆ ಅಕ್ಕಿಕಾಳು ಹಾಕಬೇಕು. ಯಾರೋ ಕೂಗಿದರು: "ರಂಗಮ್ಮಾಳ್ ಎಲ್ಲಿ? ಸಾಕಿದ ಮಗಳು, ಅವಳೇ ಮೊದಲು ಹಾಕ್ಲಿ."

ಅಕ್ಕಿಯ ತಟ್ಟೆ ಅವಳ ಕೈಗೆ ಬಂತು. ಅವಳು ಹೆಣದ ಪಕ್ಕ ಕೂತಳು. ದವಡೆಗೆ ಬಟ್ಟೆ ಕಟ್ಟಿದ್ದರೂ ಬಾಯಿ ಸ್ವಲ್ಪ ತೆರೆದಿತ್ತು. ತುಟಿಯ ಮೂಲೆಯಲ್ಲಿ ಒಂದು ನೊಣ ಕೂತಿತ್ತು. ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರು. ಆ ಬೆರಳುಗಳು. ರಂಗಮ್ಮಾಳಿಗೆ ಭಯವಾಗಲಿಲ್ಲ, ದುಃಖವೂ ಆಗಲಿಲ್ಲ. ತಣ್ಣಗಿನ, ನಿಚ್ಚಳವಾದ ಅಸಹ್ಯ ಮಾತ್ರ ಇತ್ತು.

ಹಿಡಿಯಲ್ಲಿದ್ದ ಅಕ್ಕಿಯನ್ನು ತಟ್ಟೆಗೆ ಮರಳಿ ಹಾಕಿ ಎದ್ದಳು. "ಇವರ ಬಾಯಿಗೆ ನಾ ಏನೂ ಹಾಕಲ್ಲ."

ಗದ್ದಲವಾಯಿತು. ಯಾರೋ ಭುಜ ಹಿಡಿದು ಜಗ್ಗಿದರು, ಯಾರೋ ಉಂಡ ಋಣ ಮರೆತವಳು ಎಂದರು. "ಇವರು ನನ್ನ ಬಾಯಿಗೆ ಏನು ಹಾಕಿದ್ರು ಅಂತ ಜಗುಲಿ ಮೇಲೆ ಕೂತಿದ್ದೋರನ್ನ ಕೇಳಿ" ಎಂದಳು ರಂಗಮ್ಮಾಳ್. ಇಬ್ಬರು ಮುದುಕರು ನೆಲ ನೋಡಿದರು. ಯಾರೂ ಕೇಳಲಿಲ್ಲ. ಪೊನ್ನಮ್ಮಾಳ್ ಮುಂದೆ ಬಂದು ಸೊಸೆಯ ಭುಜದ ಮೇಲಿದ್ದ ಕೈಯನ್ನು ಕಿತ್ತು ಹಾಕಿದಳು. "ಬಿಡು ಅವಳನ್ನ. ಹಾಕಲ್ಲ ಅಂದ್ಲಲ್ಲ."

ಗಾಡಿಯ ಹತ್ತಿರಕ್ಕೆ ದೊಡ್ಡಮ್ಮ ಬಂದಳು, ಕೂದಲು ಬಿಚ್ಚಿದ್ದ ಮುದುಕಿ. "ನಾ ನೋಡ್ತಿದ್ದೆ ಕೂಸೇ" ಎಂದಳು. "ಎಲ್ಲಾ ನೋಡ್ತಿದ್ದೆ. ಏನ್ ಮಾಡಲಿ?"

"ಗೊತ್ತು" ಎಂದಳು ರಂಗಮ್ಮಾಳ್. ಅದಕ್ಕಿಂತ ಹೆಚ್ಚಿನದನ್ನು ಕೊಡಲು ಅವಳಿಗೆ ಮನಸ್ಸಿರಲಿಲ್ಲ. ಗಾಡಿ ಹತ್ತಿ ಕೂತಳು.

ಚಿನ್ನಮನೂರು ದಾಟಿದ ಮೇಲೆ ವೇಲುಸಾಮಿ ಹಿಂದೆ ತಿರುಗಿದ. "ಅವತ್ತು ನಾ ಪೂರ್ತಿ ಕೇಳ್ಬೇಕಿತ್ತು" ಎಂದ. ಮನೆಗೆ ಬಂದ ಮೇಲೆ, ಸೂತಕದ ಸ್ನಾನ ಮುಗಿಸಿ, ಅವನು ಮೊದಲ ಸಲ ಅವಳ ಜೊತೆ ಮೂಲೆಯಲ್ಲಿ ಕೂತು ಉಂಡ. ಅವಳಿಗೆ ಅದು ಅಷ್ಟೇನೂ ಹಿಡಿಸಲಿಲ್ಲ, ಆದರೂ ಎದ್ದು ಹೋಗೆನ್ನಲಿಲ್ಲ.

ಮಾರ್ಕಯನ್‌ಕೋಟ್ಟೈಯ ನೆಂಟರು ಮತ್ತೆ ಯಾವ ಕಾರ್ಯಕ್ಕೂ ಅವಳನ್ನು ಕರೆಯಲಿಲ್ಲ. ಓಕರಿಕೆ ಪೂರ್ತಿ ಹೋಗಲೂ ಇಲ್ಲ. ಹಳಸಿದ ಸಜ್ಜೆಯ ವಾಸನೆಗೆ, ಹರಳೆಣ್ಣೆ ಹಚ್ಚಿದ ಗಂಡಸಿನ ಕೈಗೆ ಅದು ಕೊನೆಯವರೆಗೂ ಮರಳಿ ಬರುತ್ತಿತ್ತು. ಬಂದರೆ ಹಿತ್ತಲಿಗೆ ಹೋಗಿ, ಬಾಯಿ ತೊಳೆದು, ಬಿಟ್ಟ ಕೆಲಸಕ್ಕೆ ಬರುತ್ತಿದ್ದಳು. ವಳ್ಳಿಯ ನಂತರ ಇನ್ನೂ ಇಬ್ಬರು ಮಕ್ಕಳಾದರು. ಆ ಇಬ್ಬರಿಗೂ ಮೊದಲ ತುತ್ತನ್ನು ಅವಳೇ ಊಡಿಸಿದಳು.